ಕೊನೆಯ ಬಸ್ ಎಷ್ಟು ಗಂಟೆಗೆ?

ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ನಿರಾಶ್ರಿತರ ಪುನರ್ವಸತಿ ಕಚೇರಿಯೊಂದಕ್ಕೆ ಕೇಸ್‌ವರ್ಕರ್ ಆಗಿ ಸೇರಿದ ದಿನ ನನ್ನ ಕೈಗೆ ಬಂದದ್ದು ಒಂದು ಚೆಕ್‌ಲಿಸ್ಟ್. ವಿಮಾನ ಇಳಿದು ಬಂದವರಿಗೆ ಅವರ ಊರಿನ ರುಚಿಯ ಬಿಸಿ ಊಟ ಸಿದ್ಧವಿರಬೇಕು. 30 ದಿನದೊಳಗೆ ಮಕ್ಕಳು ಶಾಲೆಗೆ ಸೇರಬೇಕು. 90ನೇ ದಿನಕ್ಕೆ ಫೈಲು ಮುಚ್ಚಬೇಕು.

ಅಫ್ಘಾನಿಸ್ತಾನದವರ ಫೈಲು ತೆರೆದರೆ ಎಷ್ಟೋ ಜನರ ಹುಟ್ಟಿದ ದಿನ ಜನವರಿ 1. ಒಂದೇ ಹೆಸರಿದ್ದವರಿಗೆ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಕೌಂಟರಿನಲ್ಲಿ ಅದನ್ನೇ 'ಫ್ನೂ' ಎಂದು ಕೂಗುತ್ತಾರೆ! ಇಲ್ಲಿಗೆ ಬಂದಮೇಲೆ ಅಪ್ಪನ ಹೆಸರಿಗೆ ಓಗೊಡುವುದನ್ನು ಕಲಿತ ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಭೂತಾನದ ಒಬ್ಬ ಅಜ್ಜಿಯನ್ನು ಒಮ್ಮೆ ಬಸ್ಸಿನಲ್ಲಿ ಕರೆದೊಯ್ದು 'ಬಸ್ ತರಬೇತಿ' ಎಂಬಲ್ಲಿ ಗುರುತು ಹಾಕಿದೆ. ಎರಡು ವಾರದ ಮೇಲೆ ಕೊನೆಯ ಸ್ಟಾಪಿನಿಂದ ಫೋನ್ ಬಂತು. ಇಳಿಯಬೇಕಾದರೆ ಕಿಟಕಿ ಪಕ್ಕದ ಹಗ್ಗ ಎಳೆಯಬೇಕೆಂದು ನಾನು ಹೇಳಿರಲೇ ಇಲ್ಲ. ಆಮೇಲಿಂದ ಎರಡು ಸಲ ಹೋಗುವುದು ರೂಢಿ ಮಾಡಿಕೊಂಡೆ. ಎರಡನೇ ಸಲ ನಾನು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿ ಕೂರುವುದು. ಅಜ್ಜಿ ಒಂದು ಸ್ಟಾಪ್ ಮೊದಲೇ ಹಗ್ಗ ಎಳೆದರು; ಇಬ್ಬರೂ ಹಿಮದಲ್ಲಿ ನಡೆದೆವು. ಇದಕ್ಕೆ ಹೋಗುವ ಗಂಟೆಗಳ ಬಗ್ಗೆ ಮೇಲಿನವರ ಗೊಣಗಾಟ ಇದ್ದೇ ಇತ್ತು.

ಅವರದೂ ತಪ್ಪಲ್ಲ. ಕಚೇರಿಗೆ ದುಡ್ಡು ಬರುವುದು ಬಂದ ನಿರಾಶ್ರಿತರ ತಲೆ ಲೆಕ್ಕದಲ್ಲಿ. 2020ರಲ್ಲಿ ವರ್ಷಕ್ಕೆ ದೇಶದೊಳಗೆ ಬಿಟ್ಟುಕೊಳ್ಳುವ ನಿರಾಶ್ರಿತರ ಮಿತಿ 18,000ಕ್ಕೆ ಇಳಿದಾಗ ನೇಪಾಳಿ ಬಲ್ಲ ಸಹೋದ್ಯೋಗಿಯ ಕೆಲಸ ಹೋಯಿತು. ಮರುವರ್ಷ ಅಫ್ಘನ್ನರು ಬಂದಾಗ ಜನರನ್ನು ಸೇರಿಸಿಕೊಳ್ಳುವುದು, ಕಲಿಸುವುದು ಎಲ್ಲ ಮೊದಲಿನಿಂದ. ನಿರಾಶ್ರಿತರಿಗೆ ಸಿಗುವ ನಗದು ನೆರವಿನದೂ ಇದೇ ಪಾಡು: 1980ರ ನಿರಾಶ್ರಿತರ ಕಾಯ್ದೆಯಲ್ಲಿ 36 ತಿಂಗಳವರೆಗೆ ಅವಕಾಶವಿದೆ; 1991ರಿಂದ ಸಿಕ್ಕಿದ್ದು 8 ತಿಂಗಳು, 2022ರಲ್ಲಿ 12, 2025ರ ಮೇಯಿಂದ 4. ನಾಲ್ಕು ತಿಂಗಳಲ್ಲಿ ಇಂಗ್ಲಿಷ್ ಕಲಿಯುವವರಾರು? ಸಿಕ್ಕ ಗೋದಾಮಿನ ರಾತ್ರಿ ಪಾಳಿಗೆ ಹೋಗುತ್ತಾರೆ.

ಮೂರು ತಿಂಗಳಿಗೊಮ್ಮೆ ಶಾಲೆ, ಆರೋಗ್ಯ ಇಲಾಖೆಯವರ ಜೊತೆ ನಮ್ಮ ಸಮಾಲೋಚನೆ ಸಭೆ ಇರುತ್ತದೆ. ನಿರಾಶ್ರಿತರ ಬಗ್ಗೆ ಮಾತಾಡಲು ನಾವೆಲ್ಲ ಇರುತ್ತಿದ್ದೆವು, ಅವರೊಬ್ಬರನ್ನು ಬಿಟ್ಟು. ಒಮ್ಮೆ ಹಳೇ ಫೈಲಿನ ಇಬ್ಬರನ್ನು ಕರೆತಂದೆ. ಸುಮ್ಮನೆ ಕೂತಿದ್ದ ಒಬ್ಬ ಕಡೆಗೆ ಕೇಳಿದ: "ಮನೆ ಹುಡುಕುವಾಗ ಬಾಡಿಗೆ ನೋಡ್ತೀರಿ, ಹೀಟರ್ ನೋಡ್ತೀರಿ. ನನ್ನ ಪಾಳಿ ಮುಗಿಯೋದು ರಾತ್ರಿ ಎರಡಕ್ಕೆ. ಆಗ ಬಸ್ ಇದೆಯಾ ಅಂತ ಯಾಕೆ ನೋಡಲ್ಲ?"

ಮರುವಾರ ನಮ್ಮ ಮನೆ ಪರಿಶೀಲನೆಯ ನಮೂನೆಗೆ ಒಂದು ಸಾಲು ಸೇರಿತು: ಹತ್ತಿರದ ಸ್ಟಾಪು ಎಷ್ಟು ದೂರ, ಕೊನೆಯ ಬಸ್ ಎಷ್ಟು ಗಂಟೆಗೆ.