ಚೈನ್ ಸಾ ಹೊಗೆಯಾಡುತ್ತಿದೆಯಾ? ಮೊದಲು ಎಣ್ಣೆ ನೋಡಿ

ಜೂನ್ ತಿಂಗಳ ಗಾಳಿಮಳೆಗೆ ತೋಟದ ದಾರಿಗೆ ಅಡ್ಡಲಾಗಿ ಅಕೇಶಿಯಾ ಬಿದ್ದಿದೆ. ಚೈನ್ ಸಾ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಎಂಜಿನ್ ಸದ್ದೂ ಚೆನ್ನಾಗಿದೆ. ಮರ ಮಾತ್ರ ತುಂಡಾಗುತ್ತಿಲ್ಲ. ಚೈನ್ ಸುತ್ತುವ ಉದ್ದ ಪಟ್ಟಿ, ಅಂದರೆ ಬಾರ್‌ನಿಂದ ಹೊಗೆ, ಸುಟ್ಟ ವಾಸನೆ, ಕಾಲ ಬುಡದಲ್ಲಿ ಹಿಟ್ಟಿನಂಥ ಪುಡಿ. ನಾವು ಇನ್ನಷ್ಟು ಒತ್ತುತ್ತೇವೆ. ಸ್ವಲ್ಪ ಹೊತ್ತಿಗೆ ಚೈನ್ ಜೋತು ಬೀಳುತ್ತದೆ, ಇಲ್ಲವೇ ಕಳಚಿಕೊಳ್ಳುತ್ತದೆ. ‘ಮೆಷಿನ್‌ಗೆ ಪವರ್ ಇಲ್ಲ’ ಅಂತ ಅಂಗಡಿಗೆ ಹೊತ್ತುಕೊಂಡು ಹೋಗುತ್ತೇವೆ.

ಪವರ್ ಇರುತ್ತದೆ. ನಾನು ಕಂಡ ಮಟ್ಟಿಗೆ ಇಂಥ ತೊಂದರೆಗೆ ಕಾರಣ ಹೆಚ್ಚಾಗಿ ಎರಡೇ. ಬಾರ್‌ಗೆ ಎಣ್ಣೆ ಹೋಗುತ್ತಿಲ್ಲ, ಅಥವಾ ಹಲ್ಲು ಮೊಂಡಾಗಿದೆ. ಎರಡನ್ನೂ ಮನೆ ಜಗಲಿಯಲ್ಲಿ ಕೂತು ಸರಿ ಮಾಡಬಹುದು.

ಎಣ್ಣೆ ಬರುತ್ತಿದೆಯಾ?

ಚೈನ್ ಸಾದಲ್ಲಿ ಎರಡು ಟ್ಯಾಂಕ್ ಇರುತ್ತವೆ. ಒಂದಕ್ಕೆ 2ಟಿ ಆಯಿಲ್ ಬೆರೆಸಿದ ಪೆಟ್ರೋಲ್, ಇನ್ನೊಂದಕ್ಕೆ ಚೈನ್ ಆಯಿಲ್ (ಬಾರ್ ಆಯಿಲ್ ಅನ್ನುವುದೂ ಇದನ್ನೇ). ಪೆಟ್ರೋಲ್‌ಗೆ ಬೆರೆಸಿದ ಎಣ್ಣೆ ಎಂಜಿನ್‌ಗೆ ಮಾತ್ರ. ಬಾರ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಪೆಟ್ರೋಲ್ ಒಮ್ಮೆ ಖಾಲಿಯಾಗುವ ಹೊತ್ತಿಗೆ ಎಣ್ಣೆಯೂ ಬಹುತೇಕ ತಳ ಮುಟ್ಟಬೇಕು. ಆದ್ದರಿಂದ ಪೆಟ್ರೋಲ್ ತುಂಬಿದಾಗಲೆಲ್ಲ ಎಣ್ಣೆಯನ್ನೂ ತುಂಬಬೇಕು. ಪೆಟ್ರೋಲ್ ಮುಗಿದರೂ ಎಣ್ಣೆ ಮುಕ್ಕಾಲು ಭಾಗ ಉಳಿದಿದ್ದರೆ ಅದನ್ನು ಉಳಿತಾಯ ಅಂದುಕೊಳ್ಳಬೇಡಿ. ಬಾರ್ ಒಣಗಿಕೊಂಡೇ ಓಡಿದೆ ಅಂತ ಅರ್ಥ.

ಖಚಿತ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ನೆಲದ ಮೇಲೆ ಬಿಳಿ ಕಾಗದ ಹಾಸಿ ಅಂಚಿಗೆ ಕಲ್ಲು ಇಡಿ. ಬಾರ್‌ನ ಮೂತಿಯನ್ನು ಕಾಗದದಿಂದ ಒಂದು ಗೇಣು ಮೇಲೆ ಹಿಡಿದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಕ್ಸಿಲರೇಟರ್ ಕೊಡಿ. ಚೈನ್ ನೆಲಕ್ಕೆ ತಾಗಬಾರದು. ಒಂದು ನಿಮಿಷದೊಳಗೆ ಕಾಗದದ ಮೇಲೆ ಎಣ್ಣೆಯ ತೆಳು ಗೆರೆ ಮೂಡಬೇಕು. ಮೂಡದಿದ್ದರೆ ಬಿಚ್ಚುವ ಸಮಯ ಬಂತು.

ಎಂಜಿನ್ ಆಫ್ ಮಾಡಿ ತಣಿಯಲು ಬಿಡಿ. ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಎಳೆದಿಡಿ. ದಪ್ಪ ಗ್ಲೌಸ್ ಹಾಕಿಕೊಳ್ಳಿ. ಇನ್ನು ಮುಂದಿನ ಎಲ್ಲ ಕೆಲಸಕ್ಕೂ ಇದೇ ಮೊದಲ ಹೆಜ್ಜೆ.

ಪಕ್ಕದ ಮುಚ್ಚಳ ತೆಗೆದು ಚೈನ್, ಬಾರ್ ಎರಡನ್ನೂ ಹೊರಗೆ ತೆಗೆಯಿರಿ. ಒಳಗೆ ಪುಡಿ ಮತ್ತು ಎಣ್ಣೆ ಸೇರಿ ಮುದ್ದೆ ಕಟ್ಟಿರುತ್ತದೆ. ಹಲಸಿನ ಮರ ಕೊಯ್ದ ದಿನವಂತೂ ಮೇಣವೂ ಸೇರಿ ಅದು ಗೋಂದಿನಂತಾಗುತ್ತದೆ. ಹಳೆಯ ಬ್ರಷ್‌ನಿಂದ ಎಲ್ಲ ಕೆರೆದು ತೆಗೆಯಿರಿ. ಈಗ ಬಾರ್‌ನ ಹಿಂಬದಿ ನೋಡಿ. ಅಲ್ಲಿ ಎಣ್ಣೆ ಒಳಗೆ ಹೋಗುವ ಸಣ್ಣ ತೂತು ಇರುತ್ತದೆ. ಬಾರ್ ತಿರುಗಿಸಿ ಹಾಕಿದರೂ ಕೆಲಸ ಮಾಡಲಿ ಅಂತ ಮೇಲೊಂದು, ಕೆಳಗೊಂದು. ತೆಳು ತಂತಿಯಿಂದ ಎರಡನ್ನೂ ಚುಚ್ಚಿ ಬಿಡಿಸಿ. ಅಂಚಿನುದ್ದಕ್ಕೂ ಇರುವ ಸೀಳನ್ನು ಹ್ಯಾಕ್ಸಾ ಬ್ಲೇಡ್‌ನ ತುಂಡಿನಿಂದ ಗೀರಿ ಶುಚಿ ಮಾಡಿ. ಮೆಷಿನ್ ಕಡೆಯಲ್ಲಿ ಎಣ್ಣೆ ಹೊರಬರುವ ಬಾಯಿಯನ್ನೂ ಒರೆಸಿ. ಮತ್ತೆ ಜೋಡಿಸಿ, ಕಾಗದದ ಪರೀಕ್ಷೆ ಮಾಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಟ್ಯಾಂಕ್ ಕಡೆ ಹೋಗಬೇಕು. ಎಣ್ಣೆಯ ಮುಚ್ಚಳ ತೆರೆಯುವಾಗ ಗಾಳಿ ಒಳಗೆ ನುಗ್ಗುವ ‘ಸುಸ್’ ಸದ್ದು ಬಂತಾ? ಹಾಗಾದರೆ ಟ್ಯಾಂಕ್‌ಗೆ ಗಾಳಿ ಹೋಗುವ ದಾರಿ ಕಟ್ಟಿದೆ, ಪಂಪ್‌ಗೆ ಎಣ್ಣೆ ಎಳೆಯಲು ಆಗುತ್ತಿಲ್ಲ. ಇನ್ನು ಟ್ಯಾಂಕ್ ಒಳಗೆ ಪೈಪಿನ ತುದಿಗೆ ಸಣ್ಣ ಫಿಲ್ಟರ್ ಇರುತ್ತದೆ. ಕೊಕ್ಕೆ ಮಾಡಿದ ತಂತಿಯಿಂದ ಹೊರಗೆಳೆದು ಪೆಟ್ರೋಲ್‌ನಲ್ಲಿ ತೊಳೆಯಿರಿ. ಪೈಪ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಕೆಲವು ಮೆಷಿನ್‌ಗಳ ಅಡಿಯಲ್ಲಿ ಎಣ್ಣೆ ಹೆಚ್ಚು ಕಡಿಮೆ ಮಾಡುವ ಸ್ಕ್ರೂ ಇರುತ್ತದೆ, ಅದನ್ನೂ ನೋಡಿ. ಇಷ್ಟಾದರೂ ಎಣ್ಣೆ ಬಾರದಿದ್ದರೆ ಪಂಪ್ ಅಥವಾ ಅದನ್ನು ತಿರುಗಿಸುವ ಹಲ್ಲಿನ ಚಕ್ರ ಸವೆದಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಕರಿ ಆಯಿಲ್ ಬೇಡವೇ ಬೇಡ

ನಮ್ಮ ಕಡೆ ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಸುರಿಯುವ ರೂಢಿ ಬಹಳ. ಮೊದಲ ವರ್ಷ ನಾನೂ ಅದನ್ನೇ ಹಾಕಿದೆ. ಒಂದೇ ಸೀಸನ್‌ಗೆ ಬಾರ್‌ನ ಅಂಚು ಸವೆದು ಚೈನ್ ಅತ್ತಿತ್ತ ವಾಲತೊಡಗಿತು. ಫಿಲ್ಟರ್ ತೆಗೆದು ನೋಡಿದರೆ ಕಪ್ಪು ಕೆಸರು. ಆ ಎಣ್ಣೆಯಲ್ಲಿ ಲೋಹದ ನುಣ್ಣನೆ ಚೂರುಗಳಿರುತ್ತವೆ. ಅದೇ ಪಂಪ್ ಮತ್ತು ಬಾರ್ ಎರಡನ್ನೂ ತಿನ್ನುತ್ತದೆ. ಅಷ್ಟೇ ಅಲ್ಲ, ಚೈನ್‌ನಿಂದ ಸಿಡಿಯುವ ಎಣ್ಣೆ ನಮ್ಮ ಕೈಗೆ, ಮುಖಕ್ಕೆ, ತೋಟದ ಮಣ್ಣಿಗೆ ತಾನೇ ಹೋಗುವುದು? ಹಳೆ ಎಂಜಿನ್ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ.

ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಆ ವೇಗಕ್ಕೆ ಸಿಡಿದು ಹೋಗದೆ ಹಿಡಿದುಕೊಳ್ಳಲಿ ಅಂತಲೇ ಬಾರ್ ಆಯಿಲ್ ಅನ್ನು ಅಂಟಂಟಾಗಿ ಮಾಡಿರುತ್ತಾರೆ. ಅದು ಸಿಗದ ದಿನ ಹೊಸ ಎಂಜಿನ್ ಆಯಿಲ್ ಹಾಕಿ ಕೆಲಸ ಮುಗಿಸಬಹುದು. ಅಡುಗೆ ಎಣ್ಣೆ ಹಾಕಿ ತಿಂಗಳುಗಟ್ಟಲೆ ಇಟ್ಟರೆ ಒಳಗೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಚೈನ್ ಸಡಿಲ, ಚೈನ್ ಬಿಗಿ

ಚೈನ್ ಕಳಚುವುದಕ್ಕೆ ಮುಖ್ಯ ಕಾರಣ ಸಡಿಲ. ಬಾರ್‌ನ ನಟ್‌ಗಳನ್ನು ಸ್ವಲ್ಪ ಬಿಚ್ಚಿ. ಮೂತಿಯನ್ನು ಕೈಯಿಂದ ಮೇಲಕ್ಕೆತ್ತಿ ಹಿಡಿದು ಬಿಗಿ ಮಾಡುವ ಸ್ಕ್ರೂ ತಿರುಗಿಸಿ. ಚೈನ್ ಬಾರ್‌ನ ಅಡಿಗೆ ಒತ್ತಿಕೊಂಡರೆ ಸಾಕು. ಮೂತಿ ಎತ್ತಿ ಹಿಡಿದಂತೆಯೇ ನಟ್ ಬಿಗಿ ಮಾಡಿ. ಮೂತಿ ಎತ್ತದೆ ಬಿಗಿ ಮಾಡಿದರೆ ಮೊದಲ ಮರಕ್ಕೇ ಮತ್ತೆ ಸಡಿಲವಾಗುತ್ತದೆ. ಆಮೇಲೆ ಕೈಯಿಂದ ಎಳೆದರೆ ಚೈನ್ ಸಲೀಸಾಗಿ ಸುತ್ತಬೇಕು. ಸುತ್ತುತ್ತಿಲ್ಲ ಅಂತ ಗಾಬರಿಯಾಗುವ ಮುನ್ನ ಮುಂದಿನ ಹಿಡಿಕೆಯ ಎದುರಿಗಿರುವ ಚೈನ್ ಬ್ರೇಕ್ ನೋಡಿ. ಅದು ಬಿದ್ದಿದ್ದರೆ ಹಿಡಿಕೆ ಕಡೆಗೆ ಎಳೆದು ಬಿಡಿಸಿ.

ಹೊಸ ಚೈನ್ ಬೇಗ ಉದ್ದವಾಗುತ್ತದೆ. ಮೊದಲ ದಿನ ಆಗಾಗ ನಿಲ್ಲಿಸಿ ನೋಡಬೇಕು. ಬಾರ್‌ನ ಮೇಲಂಚಿನಲ್ಲಿ ಹಲ್ಲಿನ ಚೂಪಾದ ಅಂಚು ಬಾರ್‌ನ ಮೂತಿ ಕಡೆಗೆ ಇರಬೇಕು. ಅವಸರದಲ್ಲಿ ತಿರುಗಾಮುರುಗಾ ಹಾಕಿದರೆ ಎಷ್ಟೇ ಒತ್ತಿದರೂ ಮರ ಕೊಯ್ಯದೆ ಬರೀ ಉಜ್ಜುತ್ತದೆ.

ಹೊಸದನ್ನು ಕೊಳ್ಳುವಾಗ ಬಾರ್‌ನ ಉದ್ದ ಮಾತ್ರ ಹೇಳಿದರೆ ಸಾಲದು. ಪಿಚ್ (ಕೊಂಡಿಗಳ ನಡುವಿನ ಅಂತರ), ಗೇಜ್ (ಒಳಕೊಂಡಿಯ ದಪ್ಪ), ಬಾರ್‌ನ ಸೀಳಿನೊಳಗೆ ಓಡುವ ಒಳಕೊಂಡಿಗಳ ಸಂಖ್ಯೆ ಮೂರೂ ಹೊಂದಬೇಕು. ಹೆಚ್ಚಿನ ಬಾರ್‌ಗಳ ಹಿಂಬದಿಯಲ್ಲಿ ಅದನ್ನು ಅಚ್ಚು ಹಾಕಿರುತ್ತಾರೆ, ಫೋಟೊ ತೆಗೆದುಕೊಂಡು ಹೋಗಿ.

ಪುಡಿಯಾ, ಚಕ್ಕೆಯಾ?

ಚೂಪಾದ ಚೈನ್ ಚಕ್ಕೆ ಉದುರಿಸುತ್ತದೆ, ತಾನೇ ಮರದೊಳಗೆ ಇಳಿಯುತ್ತದೆ. ಮೊಂಡಾದದ್ದು ಹಿಟ್ಟು ಉದುರಿಸುತ್ತದೆ. ಹಿಟ್ಟು ಕಂಡ ಕೂಡಲೇ ನಿಲ್ಲಿಸಿ ಮಸೆಯಬೇಕು. ಸುಮ್ನೆ ಒತ್ತಿದರೆ ಬಾರ್, ಕ್ಲಚ್ ಎಲ್ಲ ಕಾಯುತ್ತದೆ. ಒಮ್ಮೆ ಮಣ್ಣಿಗೆ ತಾಗಿದರೂ ಚೂಪು ಹೋಗುತ್ತದೆ. ಬೇಲಿಸಾಲಿನ ಮರದೊಳಗೆ ಹುದುಗಿದ ಮುಳ್ಳುತಂತಿಗೆ ತಾಗಿದರಂತೂ ಕೇಳುವುದೇ ಬೇಡ.

ಇಂದಿನ ಚೈನ್‌ನ ಹಲ್ಲು ಹುಟ್ಟಿದ್ದು ಒಂದು ಹುಳದಿಂದ. 1946ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಜೋ ಕಾಕ್ಸ್ ಎಂಬವರು ಮರ ಕೊರೆಯುವ ದುಂಬಿಯ ಮರಿಹುಳವನ್ನು ಗಮನಿಸಿದರು. ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಡಿಯುತ್ತ ಮುಂದೆ ಸಾಗುತ್ತಿತ್ತು. ಚೈನ್‌ನಲ್ಲೂ ಎಡ ಹಲ್ಲು, ಬಲ ಹಲ್ಲು ಸರದಿಯಲ್ಲಿ ಬರುವುದು ಹೀಗೆ. ಎರಡು ಬದಿಯ ಉದ್ದ ಸಮ ಇರಲೇಬೇಕು. ಒಂದು ಬದಿ ಗಿಡ್ಡವಾದರೆ ಕೊಯ್ತ ವಕ್ರವಾಗುತ್ತದೆ.

ಮಸೆಯಲು ದುಂಡು ಅರ ಬೇಕು. ಸಣ್ಣ ಮೆಷಿನ್‌ಗಳ 3/8 ಇಂಚು ಪಿಚ್‌ನ ಲೋ ಪ್ರೊಫೈಲ್ (ಗಿಡ್ಡ ಹಲ್ಲಿನ) ಚೈನ್‌ಗೆ 4 ಮಿ.ಮೀ., 0.325 ಇಂಚು ಪಿಚ್‌ಗೆ 4.8 ಮಿ.ಮೀ. ಸಾಮಾನ್ಯ. ಬಹಳಷ್ಟು ಚೈನ್‌ಗಳಿಗೆ ಓರೆ 30 ಡಿಗ್ರಿ. ಹಲ್ಲಿನ ಮೇಲೆ ಆ ಗೆರೆ ಕೊಟ್ಟಿರುತ್ತಾರೆ. ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಿ, ವಾಪಸ್ ಬರುವಾಗ ಅರ ಎತ್ತಿ. ಮೊದಲ ಹಲ್ಲಿಗೆ ಮೂರು ಸಲ ಉಜ್ಜಿದರೆ ಎಲ್ಲ ಹಲ್ಲಿಗೂ ಮೂರೇ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ಹೋಗಿ. ನಾಲ್ಕೈದು ಸಲ ಮಸೆದ ಮೇಲೆ ಹಲ್ಲಿನ ಮುಂದಿರುವ ಗಿಡ್ಡ ಉಬ್ಬನ್ನೂ ಚಪ್ಪಟೆ ಅರದಿಂದ ತಗ್ಗಿಸಬೇಕು. ಅದು ಹಲ್ಲಿಗಿಂತ ಸುಮಾರು 0.65 ಮಿ.ಮೀ. ಕೆಳಗಿದ್ದರೆ ಸರಿ. ಇದಕ್ಕೆ ಅಳತೆಪಟ್ಟಿ ಸಿಗುತ್ತದೆ, ಕಣ್ಣಂದಾಜು ಬೇಡ. ಜಾಸ್ತಿ ತಗ್ಗಿಸಿದರೆ ಚೈನ್ ಮರವನ್ನು ಕಚ್ಚಿ ಎಳೆಯುತ್ತದೆ, ಮೆಷಿನ್ ನಮ್ಮ ಕಡೆಗೆ ಹಿಮ್ಮೆಟ್ಟುವ ಅಪಾಯವೂ ಹೆಚ್ಚು.

ಹಲ್ಲು ಸಮ ಇದ್ದರೂ ಕೊಯ್ತ ಓರೆ ಹೋಗುತ್ತಿದ್ದರೆ ಬಾರ್ ಸವೆದಿದೆ. ಸ್ಕೇಲನ್ನು ಹಲ್ಲಿಗೂ ಬಾರ್‌ನ ಮಗ್ಗುಲಿಗೂ ತಾಗುವಂತೆ ಇಟ್ಟು ನೋಡಿ. ನಡುವೆ ಸಂದು ಇರಬೇಕು. ಇಲ್ಲದೆ ಚೈನ್ ವಾಲಿದರೆ ಬಾರ್‌ನ ಆಯುಷ್ಯ ಮುಗಿದಂತೆ. ಅಂಚಿನಲ್ಲಿ ಮುಳ್ಳಿನಂತೆ ಎದ್ದದ್ದನ್ನು ಚಪ್ಪಟೆ ಅರದಿಂದ ತೆಗೆಯಿರಿ. ಪ್ರತಿ ಸಲ ಮಸೆದಾಗ ಬಾರ್ ಮಗುಚಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಎರಡು ಚೈನ್ ಸವೆದ ಮೇಲೆ ಚೈನ್ ಓಡಿಸುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ ಕೂಡ ಬದಲಿಸಿ. ಹಳೆ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ಹಾಳು ಮಾಡುತ್ತದೆ.

ಸಂಜೆ ಕೆಲಸ ಮುಗಿದ ಮೇಲೆ ಚೈನ್ ಸ್ವಲ್ಪ ಸಡಿಲ ಮಾಡಿಡಿ. ಕಾದ ಚೈನ್ ತಣಿದಾಗ ಕುಗ್ಗುತ್ತದೆ, ಬಿಗಿಯಾಗಿಯೇ ಬಿಟ್ಟರೆ ಶಾಫ್ಟ್ ಮತ್ತು ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಮೆಷಿನ್ ಅಡಿಗೆ ಒಂದು ರಟ್ಟು ಇಡಿ. ರಾತ್ರಿ ಒಂದಷ್ಟು ಎಣ್ಣೆ ತೊಟ್ಟಿಕ್ಕುವುದು ಸಹಜ, ಬಾರ್‌ನಲ್ಲಿ ಉಳಿದದ್ದು ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮತ್ತೆ ಬಿಗಿ ಮಾಡಿಕೊಳ್ಳಿ.