ಹಳೆಯ ಜಂತಿ, ಸೋರೆ ಬುರುಡೆ ಮತ್ತು ಐದೂವರೆ ಮನೆಯ ಒಂದು ತಂಬೂರಿ: ನನ್ನ ಅನುಭವ

ಈ ವರ್ಷ ಯುಗಾದಿ ಕಳೆದ ಮೇಲೆ ಮಗಳ ಸಂಗೀತ ಪಾಠಕ್ಕೆ ನಾನೇ ಕಟ್ಟಿದ ತಂಬೂರಿ ಜಗಲಿಗೆ ಇಳಿಯಿತು. ಸುಮಾರು ಒಂದೂಕಾಲು ಗಂಟೆ ನಡೆದ ಪಾಠದಲ್ಲಿ ತಂತಿ ಬಿಗಿಯುವ ಬಿರಡೆಗೆ ಕೈಹಾಕಬೇಕಾಗಿ ಬಂದದ್ದು ಒಂದೇ ಸಲ, ಅದೂ ಪಂಚಮಕ್ಕೆ. ವಾದ್ಯ ಕಟ್ಟಿ ಕೈ ಸುಟ್ಟುಕೊಂಡವರಿಗೆ ಈ ಮಾತಿನ ಬೆಲೆ ಗೊತ್ತಿರುತ್ತದೆ. ಉಳಿ, ಕೀಸುಳಿ, ಅರ ಹಿಡಿಯಲು ಬರುವವರಿಗಾಗಿಯೇ ಇದನ್ನು ಬರೆಯುತ್ತಿರುವುದರಿಂದ ಮರ ಕೊಯ್ಯುವುದು ಹೇಗೆ, ಶ್ರುತಿ ಸೇರಿಸುವುದು ಹೇಗೆ ಎಂಬಲ್ಲಿಂದ ಆರಂಭಿಸುವುದಿಲ್ಲ. ಅಳತೆ ಮತ್ತು ಖರ್ಚುಗಳನ್ನು ನೆನಪಿನಿಂದ ಹೇಳುತ್ತಿದ್ದೇನೆ. ಸ್ವಲ್ಪ ಆಚೀಚೆ ಇರಬಹುದು.

ಶಿರಸಿ ಸೀಮೆಯ ನಮ್ಮ ಊರುಗಳಲ್ಲಿ ಹಿಂದೂಸ್ತಾನಿ ಕಲಿಯುವ ಮಕ್ಕಳಿಗೆ ಬರವಿಲ್ಲ, ತಂಬೂರಿಗೆ ಬರ. ಹೆಚ್ಚಿನ ಮನೆಗಳಲ್ಲಿ ಮೊಬೈಲೇ ಶ್ರುತಿ ಕೊಡುತ್ತದೆ. 2021ರಲ್ಲಿ, ತಂಬೂರಿ ಕಟ್ಟುವುದಕ್ಕೆ ಹೆಸರಾದ ಮಹಾರಾಷ್ಟ್ರದ ಮಿರಜದಲ್ಲಿ ವಿಚಾರಿಸಿದಾಗ ಹೆಂಗಸರ ಶ್ರುತಿಯ ಸಾಧಾರಣ ತಂಬೂರಿಗೆ ಮೂವತ್ತು ಸಾವಿರದ ಆಚೆಗೆ ಹೇಳಿದರು. ಆ ವರ್ಷ ನಮ್ಮ ತೋಟದ ಅಡಕೆಗೆ ಕೊಳೆ ಬಂದು ಅರ್ಧ ಫಸಲು ನೆಲಕ್ಕೆ ಉದುರಿತ್ತು. ನಾನು ನನಗೆ ಹಾಕಿಕೊಂಡ ಮಿತಿ ಐದು ಸಾವಿರ. ವರ್ಷಕ್ಕೊಮ್ಮೆ ಹಾರ್ಮೋನಿಯಂ, ತಂಬೂರಿಗಳ ದುರಸ್ತಿಗೆ ನಮ್ಮ ಕಡೆ ಬರುವ ಹಿರಿಯರೊಬ್ಬರು, ಒಣ ಸೋರೆಯ ಬುರುಡೆಗೆ ದಂಡಿ, ಅಂದರೆ ಉದ್ದನೆಯ ಕತ್ತು, ಕೂಡಿಸುವುದನ್ನು ಬೇಕಾದರೆ ಕಲಿಯುತ್ತೀರಿ, ತಂತಿ ಕೂರುವ ಕುದುರೆಯನ್ನು ಉಜ್ಜಿ ಝೇಂಕಾರ ಬರಿಸುವ ಜವಾರಿ ಮಾತ್ರ ನಿಮ್ಮ ಕೈಗೆ ಹತ್ತುವುದಲ್ಲ ಎಂದು ಮುಖಕ್ಕೇ ಹೇಳಿದರು. ನಮ್ಮ ಭಾವನಿಗಂತೂ ಅಂಗಳದ ಚಪ್ಪರದ ಮೇಲೆ ಬೆಳೆಯುತ್ತಿದ್ದ ಸೋರೆಕಾಯಿ ಎಳೆಯದಾಗಿದ್ದಾಗಲೇ ಹುಳಿಗೆ ಬೀಳಲಿಲ್ಲವಲ್ಲ ಎಂಬುದೇ ಚಿಂತೆಯಾಗಿತ್ತು.

ಮೊದಲ ತಪ್ಪು ಬೀಜದಲ್ಲೇ ಆಯಿತು. ನಮ್ಮ ಅಡುಗೆ ಸೋರೆಯ ಬೀಜವನ್ನೇ ಹಾಕಿ, ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟೆ. ಹೊರಗಿನಿಂದ ನೋಡಲು ಚೆಂದವಾಗಿಯೇ ಇತ್ತು. ಗರಗಸ ಇಟ್ಟಾಗ ಚಿಪ್ಪಿನ ದಪ್ಪ ಮೂರು ಮಿಲಿಮೀಟರ್ ದಾಟಿರಲಿಲ್ಲ, ಬಾಯಿ ಕೊರೆಯುವಷ್ಟರಲ್ಲಿ ಹಪ್ಪಳದಂತೆ ಸೀಳಿಹೋಯಿತು. ಮಿರಜದ ಕುಶಲಕರ್ಮಿಗಳು ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆದ ದಪ್ಪ ಚಿಪ್ಪಿನ ಜಾತಿಯನ್ನೇ ತರಿಸಿಕೊಳ್ಳುವುದು ಸುಮ್ಮನೆ ಅಲ್ಲ. ಪರಿಚಿತರ ಮೂಲಕ ಅಲ್ಲಿಯ ಹತ್ತು ಬೀಜ ತರಿಸಿ, ಮಳೆ ಹಿಂದಾದ ಮೇಲೆ, ಅಂದರೆ ಅಕ್ಟೋಬರ್ ಹೊತ್ತಿಗೆ ಊರಿದೆ. ಜೂನಿನಲ್ಲಿ ಊರಿದರೆ ನಮ್ಮ ಮಳೆಗೆ ಹೂವೇ ನಿಲ್ಲುವುದಿಲ್ಲ. ಚಪ್ಪರಕ್ಕೆ ಹಬ್ಬಿಸದೆ ನೆಲದ ಮೇಲೆ ಹರಿಯಬಿಟ್ಟು, ಪ್ರತಿ ಕಾಯಿಗೂ ಒಣಹುಲ್ಲಿನ ಸಿಂಬೆ ಕೊಟ್ಟೆ. ನಾಲ್ಕು ಕಾಯಿ ನಿಂತವು. ಒಂದನ್ನು ಮುಳ್ಳುಹಂದಿ ಕೆಡಿಸಿತು, ಇನ್ನೊಂದು ಒಣಗುವಾಗ ಕುಸಿಯಿತು, ಮೂರನೆಯದನ್ನು ನಾನೇ ಅವಸರದಲ್ಲಿ ಒಡೆದೆ. ನಾಲ್ಕನೆಯದರ ಸುತ್ತಳತೆ ಸುಮಾರು 38 ಇಂಚು, ಚಿಪ್ಪು ಬೆರಳಿನ ಅರ್ಧದಷ್ಟು ದಪ್ಪ. ಅದೇ ಈಗ ಜಗಲಿಯಲ್ಲಿ ಕೂತಿರುವುದು.

ಬುರುಡೆಯ ಬಾಯಿ ಕೊರೆದ ಮೇಲೆ ಮೂರು ದಿನ ನೀರು ತುಂಬಿಸಿ ಇಟ್ಟು, ಒಳಗಿನ ತಿರುಳನ್ನು ಕೆರೆದು ತೆಗೆಯಬೇಕು. ಆ ವಾಸನೆಗೆ ಮನೆಯವರು ನನ್ನನ್ನೂ ಬುರುಡೆಯನ್ನೂ ಕೊಟ್ಟಿಗೆಗೆ ಕಳುಹಿಸಿದರು. ನೆನೆದು ಮೆದುವಾಗಿದ್ದಾಗಲೇ ಬಾಯಿಗೆ ಅಡ್ಡಕೋಲು ಕೊಟ್ಟು ದುಂಡಗೆ ಹಿಗ್ಗಿಸಿಕೊಳ್ಳಬೇಕು. ಒಣಗಿದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಒಳಮೈಗೆ ಕುಟ್ಟೆ ಹಿಡಿಯದಂತೆ, ಅಡಕೆ ಔಷಧಿಗೆಂದು ತಂದಿದ್ದ ಮೈಲುತುತ್ತವನ್ನೇ ತೆಳುವಾಗಿ ಕರಗಿಸಿ ಎರಡು ಸಲ ಬಳಿದೆ. ಎರಡು ವರ್ಷದ ಮೇಲಾಯಿತು, ಇನ್ನೂ ಒಂದು ತೂತು ಬಿದ್ದಿಲ್ಲ.

ದಂಡಿಯ ಮರಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ನಮ್ಮ ಹಳೆಯ ಮನೆಯನ್ನು ಇಳಿಸಿದಾಗ ಉಳಿದ ಹಲಸಿನ ಜಂತಿಯೊಂದು ಅಟ್ಟದಲ್ಲಿ ಇತ್ತು. ಕಡಿಮೆಯೆಂದರೆ ಎಪ್ಪತ್ತು ವರ್ಷ ಹೊಗೆ ಕುಡಿದ ಮರ. ಮಿರಜದವರು ಬೇರೆ ಮರ ಬಳಸಬಹುದು, ಆದರೆ ತಂಜಾವೂರಿನಲ್ಲೂ ದೊಡ್ಡಬಳ್ಳಾಪುರದ ಸಿಂಪಾಡಿಪುರದಲ್ಲೂ ವೀಣೆಗೆ ಹಲಸೇ ಆಗುವಾಗ ನನ್ನ ತಂಬೂರಿಗೆ ಏಕಾಗಬಾರದು ಎಂದು ಧೈರ್ಯ ಮಾಡಿದೆ. ಜಂತಿಯೊಳಗೆ ಅಡಗಿದ್ದ ಹಳೆಯ ಮೊಳೆ ಕೀಸುಳಿಯ ಅಲಗನ್ನು ಎರಡು ಕಡೆ ಮುಕ್ಕಾಗಿಸಿತು, ಅಷ್ಟೇ ನಷ್ಟ. ದಂಡಿಯನ್ನು ದೋಣಿಯಂತೆ ಕಡೆದು ಮೇಲೆ ತೆಳ್ಳಗಿನ ಪಟ್ಟಿ ಮುಚ್ಚಿದೆ.

ಬುರುಡೆಯ ಬಾಯಿ ಮುಚ್ಚುವ ಮೇಲ್ಹಲಗೆಯ ವಿಷಯದಲ್ಲಿ ನಾನು ಪಟ್ಟ ಪಾಡನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಮೊದಲು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಹಣ ಉಳಿಸಲು ಆರು ಮಿಲಿಮೀಟರ್ ಪ್ಲೈವುಡ್ ಕೂಡಿಸಿದೆ. ತಂತಿ ಮೀಟಿದರೆ ಮೇಜನ್ನು ಕುಟ್ಟಿದಂತೆ ಕೇಳಿಸುತ್ತಿತ್ತು. ಅದನ್ನು ಕಿತ್ತು ಹೆಬ್ಬಲಸಿನ ಹಲಗೆಯನ್ನು ಎರಡೂವರೆ ಮಿಲಿಮೀಟರಿಗೆ ಇಳಿಸಿ ಸಪಾಟಾಗಿಯೇ ಅಂಟಿಸಿದೆ. ನಾದ ಹೊಮ್ಮಿತು, ಮೂರು ದಿನ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಕುದುರೆಯ ಕೆಳಗೆ ಹಲಗೆ ತಟ್ಟೆಯಂತೆ ತಗ್ಗಾಗಿತ್ತು. ನಾಲ್ಕು ತಂತಿಗಳ ಎಳೆತ ಒಟ್ಟು ಇಪ್ಪತ್ತೈದರಿಂದ ಮೂವತ್ತು ಕಿಲೋ ಆಗುತ್ತದೆ ಎಂದು ಲೆಕ್ಕ ಹಾಕಿದ್ದು ಅದು ತಗ್ಗಾದ ಮೇಲೆ. ಮೊದಲೇ ಹಾಕಿದ್ದರೆ ಒಂದು ಹಲಗೆ ಉಳಿಯುತ್ತಿತ್ತು. ಮೂರನೆಯದನ್ನು ಅದೇ ಹೆಬ್ಬಲಸಿನ ದಪ್ಪ ಹಲಗೆಯಿಂದ ಉಬ್ಬಾಗಿ ಕಡೆದೆ. ನಡುವೆ ನಾಲ್ಕೂವರೆ, ಅಂಚಿಗೆ ಬಂದಂತೆ ಮೂರು ಮಿಲಿಮೀಟರ್. ಒಳಗಡೆ ಎಲ್ಲಿ ಎಷ್ಟು ಮರ ಬಿಟ್ಟೆ ಎಂಬುದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಬೆರಳ ಗೆಣ್ಣಿನಿಂದ ತಟ್ಟುತ್ತ ಕಡೆಯುವವರಿಗೆ ಅದು ತಾನಾಗಿಯೇ ಸಿಗುತ್ತದೆ.

ಇನ್ನು ಕುದುರೆ. ತಂಬೂರಿಯೆಂದರೆ ಕುದುರೆಯೇ, ಉಳಿದದ್ದೆಲ್ಲ ಅದನ್ನು ಹೊರುವ ಸಾಮಾನು ಎಂದು ಈಗ ನನಗೆ ಅನ್ನಿಸುತ್ತದೆ. ಹಿಂದಿನವರ ದಂತ, ಸಾರಂಗದ ಕೊಂಬುಗಳ ಮಾತು ಕಾನೂನಿನ ಪ್ರಕಾರವೇ ಮುಗಿದಿದೆ. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯ ತುಂಡು, ಎರಡು ಪದರ ಅಂಟಿಸಿದ ತೆಂಗಿನ ಕರಟ, ನೀರಿನ ಪೈಪಿನ ದಪ್ಪ ಪ್ಲಾಸ್ಟಿಕ್, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅರದಿಂದ ಉಜ್ಜಿ ನೋಡಿದೆ. ಮಣೆಯ ತುಂಡಿನ ಮೇಲೆ ತಂತಿ ಒಂದೇ ಗಂಟೆಯಲ್ಲಿ ಗೀರು ಕೊರೆಯಿತು. ಕರಟದ್ದು ಮಾತ್ರ ಆಶ್ಚರ್ಯಪಡಿಸಿತು: ಚುರುಕಾದ, ಸ್ವಲ್ಪ ಕೀರಲು ನಾದ. ತಂಬೂರಿಗೆ ಒಗ್ಗದಿದ್ದರೂ ಅದನ್ನು ಇನ್ನೊಂದು ಒಡೆದ ಬುರುಡೆಗೆ ಹಾಕಿ ಭಜನೆಗೆ ಏಕತಾರಿಯೊಂದನ್ನು ಮಾಡಿಕೊಟ್ಟೆ, ಅದು ಈಗಲೂ ನಡೆಯುತ್ತಿದೆ. ಕೊನೆಗೆ ನಿಂತದ್ದು ಮುರಿದ ಮಂಚದ ಕಾಲಿನಿಂದ ತೆಗೆದ ಬೀಟೆಯ ಕಪ್ಪು ಹೃದಯಭಾಗ. ಮೂರು ಇಂಚು ಉದ್ದ, ಇಂಚಿಗಿಂತ ಚೂರು ಹೆಚ್ಚು ಅಗಲ.

ಜವಾರಿ ತೆಗೆಯುವಾಗ ನಾನು ಮೊದಲ ಐದು ಕುದುರೆಗಳನ್ನು ಹಾಳುಮಾಡಿದ್ದು ಒಂದೇ ಕಾರಣಕ್ಕೆ: ಅರವನ್ನು ಹಿಂದೆ ಮುಂದೆ ಆಡಿಸುವಾಗ ನಡುವೆ ಗೊತ್ತಾಗದಷ್ಟು ಹಳ್ಳ ಬೀಳುತ್ತಿತ್ತು. ಹಳ್ಳ ಬಿದ್ದ ಕುದುರೆಯ ಮೇಲೆ ತಂತಿ ಎರಡು ತುದಿಗಳನ್ನು ಮಾತ್ರ ಮುಟ್ಟುತ್ತದೆ. ಆಗ ಬರುವುದು ಜವಾರಿಯಲ್ಲ, ತಗಡಿನ ಡಬ್ಬದ ಗಲಗಲ. ಆರನೆಯ ಬಾರಿ ಅರವನ್ನು ಪೂರ್ತಿ ಬಿಟ್ಟೆ. ಕಿಟಕಿಯ ದಪ್ಪ ಗಾಜಿನ ಮೇಲೆ 400 ನಂಬರಿನ ಉಪ್ಪುಕಾಗದ ಅಂಟಿಸಿ, ಕುದುರೆಯನ್ನೇ ಅದರ ಮೇಲೆ ಒಂದೇ ದಿಕ್ಕಿಗೆ ಎಳೆದೆ. ಕೊನೆಯ ಹತ್ತು ಎಳೆತಗಳಲ್ಲಿ ಮಣಿಕಟ್ಟನ್ನು ಕೂದಲೆಳೆಯಷ್ಟು ಎತ್ತಿದೆ. ಇಡೀ ಅಗಲಕ್ಕೆ ಇಳಿಜಾರು ಅರ್ಧ ಮಿಲಿಮೀಟರೂ ಇರಲಿಕ್ಕಿಲ್ಲ. ಸೀಸದಕಡ್ಡಿಯಿಂದ ಮೇಲ್ಮೈಯನ್ನು ಪೂರ್ತಿ ಕಪ್ಪು ಮಾಡಿ, ತಂತಿ ಏರಿಸಿ ಮೀಟಿ, ಮತ್ತೆ ಇಳಿಸಿ, ಎಲ್ಲಿ ಹೊಳಪು ಬಂದಿದೆ ಎಂದು ನೋಡುವುದು, ಮತ್ತೆ ಉಜ್ಜುವುದು. ಒಂದೊಂದು ತಂತಿಯ ಹಾದಿಗೂ ಒಂದೊಂದು ಸಂಜೆ ಹಿಡಿಯಿತು.

ಜವಾರಿ ತೆರೆದಿದೆಯೋ ಇಲ್ಲವೋ ಎಂಬುದಕ್ಕೆ ಕಿವಿಯನ್ನು ನಂಬದವರಿಗೆ ಒಂದು ಪರೀಕ್ಷೆಯಿದೆ. ತಂತಿಯನ್ನು ಅಳೆದು ಸರಿಯಾಗಿ ನಡುವೆ ಮೀಟಿರಿ. ಸಾಮಾನ್ಯ ಕುದುರೆಯ ವಾದ್ಯದಲ್ಲಿ ಹಾಗೆ ಮೀಟಿದರೆ ಮೇಲಿನ ಷಡ್ಜದ ಸ್ವರಾಂಶ ಅಡಗುತ್ತದೆ, ತಂಬೂರಿಯಲ್ಲಿ ಅಡಗುವುದಿಲ್ಲ. ಸಿ. ವಿ. ರಾಮನ್ ಅವರು 1921ರಲ್ಲಿ ವೀಣೆ, ತಂಬೂರಿಗಳ ಬಗ್ಗೆ ಬರೆದಾಗ ಎತ್ತಿ ತೋರಿಸಿದ್ದು ಇದನ್ನೇ. ನನ್ನ ಐದನೆಯ ಕುದುರೆಯಲ್ಲಿ ಮೇಲಿನ ಷಡ್ಜ ಸತ್ತೇಹೋಗಿತ್ತು, ಆರನೆಯದರಲ್ಲಿ ನಡುವೆ ಮೀಟಿದರೂ ಎದ್ದು ಬಂತು. ಆ ರಾತ್ರಿ ಹತ್ತು ಗಂಟೆಯ ಮೇಲೆ ಮಲಗಿದ್ದವರನ್ನೆಲ್ಲ ಎಬ್ಬಿಸಿ ಕೇಳಿಸಿದ್ದು ಸ್ವಲ್ಪ ಅತಿಯಾಯಿತು ಎಂದು ಒಪ್ಪುತ್ತೇನೆ.

ಕುದುರೆಗೂ ತಂತಿಗೂ ನಡುವೆ ಸಿಕ್ಕಿಸುವ ಜೀವಾಳಿಯ ನೂಲಿಗೆ ಏನೇನೋ ಹಾಕಿ ನೋಡಿದೆ. ಹಳೆಯ ಪಟ್ಟೆಸೀರೆಯ ರೇಷ್ಮೆ ಎಳೆ ಬಹಳ ನಯವಾಗಿ ನಾದ ಮಂಕಾಯಿತು. ಬಾಳೆನಾರು ಒಂದೇ ದಿನಕ್ಕೆ ಚಪ್ಪಟೆಯಾಯಿತು. ಮೀನಿನ ಗಾಳದ ದಾರ ಜಾರುತ್ತಿತ್ತು. ಹತ್ತಿಯ ಹೊಲಿಗೆ ದಾರ ಪರವಾಗಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ನಿಂತದ್ದು ಹಳೆಯ ಜನಿವಾರದ ಒಂದು ಎಳೆ, ಅದರಲ್ಲೂ ತೊಳೆದು ತೊಳೆದು ಹುರಿ ಬಿಗಿಯಾದದ್ದು. ಮಂದ್ರಕ್ಕೆ, ಅಂದರೆ ಕೆಳಗಿನ ಷಡ್ಜದ ತಂತಿಗೆ, ಅದನ್ನೇ ಎರಡು ಎಳೆ ಮಾಡಿ ಹಾಕಿದ್ದೇನೆ. ಶಾಸ್ತ್ರದ ಪ್ರಕಾರ ಇದು ಸರಿಯೇ ಎಂದು ಕೇಳಿದವರಿಗೆ, ವಿಸರ್ಜಿಸಿದ್ದನ್ನೇ ಬಳಸಿದ್ದು ಎಂದು ಹೇಳಿ ತಪ್ಪಿಸಿಕೊಂಡೆ.

ತಂತಿಯಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಬೈಕಿನ ಕ್ಲಚ್ ಕೇಬಲ್ಲಿನಿಂದ ಎಳೆಯೊಂದನ್ನು ಬಿಡಿಸಿ ಸಾರಣಿಗೆ, ಅಂದರೆ ನಡುವಿನ ಷಡ್ಜದ ತಂತಿಗೆ, ಹಾಕಿದೆ. ಕೇಬಲ್ಲಿನಲ್ಲಿದ್ದಾಗಿನ ಸುರುಳಿ ಅದರಲ್ಲಿ ಉಳಿದೇ ಇರುವುದರಿಂದ ಒಂದು ಸ್ವರಕ್ಕೆ ನಿಲ್ಲದೆ ಅಲೆಯುತ್ತದೆ, ಬಿಗಿದರೆ ಹರಿಯುತ್ತದೆ. ಈಗ ಇರುವುದು ಪಂಚಮ ಮತ್ತು ಎರಡು ಷಡ್ಜಗಳಿಗೆ 30 ಗೇಜಿನ ಉಕ್ಕು, ಮಂದ್ರಕ್ಕೆ 26ರ ಹಿತ್ತಾಳೆ. ದಂಡಿಯ ಮೇಲ್ತುದಿಯಲ್ಲಿ ತಂತಿ ಹಾಯುವ ಮೇರುವಿನಿಂದ ಕುದುರೆಯವರೆಗೆ ಸುಮಾರು ಮೂರು ಅಡಿ, ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಐದೂವರೆ ಮನೆ. ಬಿರಡೆಯ ತೂತು ಓರೆಯಾಗಿ ಹಿಗ್ಗಿಸುವ ಉಪಕರಣವನ್ನು ಕೊಳ್ಳಲಿಲ್ಲ. ಬಿರಡೆಯದೇ ಓರೆಯಲ್ಲಿ ಒಂದು ಕೋಲನ್ನು ಕಡೆದು, ಅದರಲ್ಲಿ ಉದ್ದಕ್ಕೆ ಸೀಳು ಕೊಯ್ದು, ಹಳೆಯ ಗರಗಸದ ಅಲಗಿನ ತುಂಡನ್ನು ಚೂರೇ ಹೊರಗೆ ಕಾಣುವಂತೆ ಸಿಕ್ಕಿಸಿಕೊಂಡೆ. ಜಾರುವ ಬಿರಡೆಗೆ ಸೀಮೆಸುಣ್ಣ, ಕಚ್ಚಿಕೊಳ್ಳುವ ಬಿರಡೆಗೆ ಒಣ ಸಾಬೂನು.

ಇಷ್ಟೆಲ್ಲ ಆಗಿ 2023ರ ಮೇ ತಿಂಗಳಲ್ಲಿ ವಾದ್ಯ ನಿಂತಿತು, ಜುಲೈಯಲ್ಲಿ ಬಿತ್ತು. ಬುರುಡೆಗೂ ದಂಡಿಗೂ ನಡುವಿನ ಕೂಡಿಗೆಗೆ ಸರೇಸು, ಅಂದರೆ ಚರ್ಮ-ಮೂಳೆಯ ಅಂಟು, ಹಾಕಿದ್ದೆ; ಆಷಾಢದ ಮಳೆಯಲ್ಲಿ ಗೋಡೆಯೇ ಬೆವರುವ ಮನೆಯಲ್ಲಿ ಸರೇಸು ಮೆದುವಾಗಿ, ದಂಡಿ ಮುಂದಕ್ಕೆ ಬಾಗಿತು. ತಂತಿಗಳು ಅರ್ಧ ಬೆರಳು ಮೇಲಕ್ಕೆ ಎದ್ದವು, ಕುದುರೆಯ ಮೇಲಿನ ಹದವೆಲ್ಲ ಹೋಯಿತು. ದುರಸ್ತಿಯ ಹಿರಿಯರು ಆ ವರ್ಷ ಬಂದು ನೋಡಿ, ನಾನು ಹೇಳಿರಲಿಲ್ಲವೇ ಎಂಬಂತೆ ಎಲೆಯಡಕೆ ಹಾಕಿಕೊಂಡರು. ನವರಾತ್ರಿಯ ನಂತರ ಎಲ್ಲ ಬಿಚ್ಚಿ, ಕೂಡಿಗೆಯೊಳಗೆ ಹಲಸಿನದೇ ಬೆಣೆಯೊಂದನ್ನು, ತಂತಿ ಎಳೆದಷ್ಟೂ ಬಿಗಿಯಾಗುವ ದಿಕ್ಕಿನಲ್ಲಿ, ಪಾರಿವಾಳದ ಬಾಲದ ಆಕಾರದಲ್ಲಿ ಕೂರಿಸಿದೆ. ಅಂಟನ್ನೂ ಬದಲಿಸಿದೆ, ಅದರಲ್ಲಿ ಏನು ಬೆರೆಸಿದೆ ಎಂಬುದನ್ನು ಇನ್ನೊಂದು ಮಳೆಗಾಲ ಕಳೆದ ಮೇಲೆ ಹೇಳುತ್ತೇನೆ. ಹೊರಗೆ ಅರಗಿನ ಪಾಲಿಶ್ ಎಂಟು ಕೈ. 2024ರ ಮಳೆಯಲ್ಲಿ ದಂಡಿ ಅಲುಗಲಿಲ್ಲ, ಕಳೆದ ಮಳೆಯಲ್ಲೂ ಇಲ್ಲ.

ಖರ್ಚಿನ ಲೆಕ್ಕ ಹೀಗಿದೆ. ಬೀಜ ತರಿಸಿದ್ದಕ್ಕೆ ಇನ್ನೂರು. ತಂತಿ ಮೂರು ಸೆಟ್ಟು, ಸಾವಿರದ ನೂರರ ಹತ್ತಿರ. ಹೆಬ್ಬಲಸಿನ ಹಲಗೆಗಳಿಗೆ ಮಿಲ್ಲಿನ ಕೊಯ್ಲು ಸೇರಿ ಒಂಬೈನೂರು. ಅರಗು, ಸ್ಪಿರಿಟ್, ಅಂಟು, ಉಪ್ಪುಕಾಗದ ಎಲ್ಲ ಸೇರಿ ಸಾವಿರದ ನಾನೂರು. ಬಿರಡೆ ಕಡೆಸಿದ್ದಕ್ಕೆ ಆರುನೂರು. ಪ್ಲೈವುಡ್ಡಿನ ಮುನ್ನೂರನ್ನು ದಂಡವೆಂದು ಬೇರೆಯೇ ಬರೆದಿಟ್ಟಿದ್ದೇನೆ. ನಾಲ್ಕೂವರೆ ಸಾವಿರದಲ್ಲಿ ಮುಗಿಯಿತು ಎಂದು ನಾನು ಹೇಳುತ್ತೇನೆ; ಮೈಲುತುತ್ತ, ಕೀಸುಳಿಯ ಹೊಸ ಅಲಗು ಮತ್ತು ಮಿರಜಕ್ಕೆ ಹೋಗಿಬಂದ ಬಸ್ಸಿನ ಖರ್ಚನ್ನು ಸೇರಿಸಿದರೆ ಆರು ದಾಟುತ್ತದೆ ಎಂದು ಮನೆಯವರು ಹೇಳುತ್ತಾರೆ.

ಮಂದ್ರ ಇನ್ನೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಉಳಿದ ಮೂರು ತಂತಿಗಳು ಒಂದರೊಳಗೊಂದು ಕರಗುವಾಗ ಅದು ಮಾತ್ರ ಚೂರು ತಡವಾಗಿ ಬಾಯಿ ತೆರೆಯುತ್ತದೆ. ಹಿತ್ತಾಳೆಯ ಬದಲು ಕಂಚಿನ ತಂತಿ ತರಿಸಿದ್ದೇನೆ. ಅದನ್ನು ಏರಿಸುವ ಮೊದಲು ಕುದುರೆಯ ಆ ಭಾಗವನ್ನು ಮತ್ತೊಮ್ಮೆ ಗಾಜಿನ ಮೇಲೆ ಎಳೆಯಬೇಕು, ಅದಕ್ಕೆ ಬಿಸಿಲು ಬಂದು ಮರ ಒಣಗಲಿ ಎಂದು ಕಾಯುತ್ತಿದ್ದೇನೆ.