ನಾಲ್ಕನೇ ಜೊತೆ ಸ್ಪ್ರಿಂಗ್ ಸರಿಹೋಯಿತು

ಟಾಪ್ ಬಿಚ್ಚುವ ನನ್ನ ಮಿನಿ ಕನ್ವರ್ಟಿಬಲ್ ಕಾರಿನ ಎತ್ತರ ಇಳಿಸುತ್ತೇನೆ ಅಂದಾಗ ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿನಲ್ಲಿ ಎಲ್ಲರೂ ನಕ್ಕಿದ್ದರು. "ಸಾರ್, ಈ ಊರಿನ ರೋಡ್ ಹಂಪಿಗೆ ಗಾಡಿ ಎತ್ತಿಸ್ಕೊಳ್ಳೋರು ಬರ್ತಾರೆ, ಇಳಿಸೋರು ನೀವೊಬ್ರೇ" ಅಂದಿದ್ದ ಮೆಕ್ಯಾನಿಕ್ ಹುಡುಗ. ಈಗ ಅವನೇ ಬೇರೆ ಗಿರಾಕಿಗಳಿಗೆ ನನ್ನ ಗಾಡಿ ತೋರಿಸುತ್ತಾನೆ. ನಡುವೆ ಹದಿನಾಲ್ಕು ತಿಂಗಳು ಹೋಯಿತು, ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ ದುಡ್ಡೂ ಹೋಯಿತು.

ಗಾಡಿ 2012ರ ಕೂಪರ್ ಎಸ್, ಕಂಪನಿಯ ಸಂಕೇತದಲ್ಲಿ ಆರ್57. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಕಂಪನಿ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿದೆ. ಖರ್ಚು ಎರಡು ಸಾವಿರ ಇರಬೇಕು. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಗೊತ್ತಿತ್ತು, ಪರವಾಗಿಲ್ಲ ಅಂದುಕೊಂಡಿದ್ದೆ. ಆದರೆ ಕತ್ತರಿಸಿದ ತುದಿ ಸ್ಪ್ರಿಂಗಿನ ತಟ್ಟೆಯಲ್ಲಿ ಕೂರಲೇ ಇಲ್ಲ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಟಕ್ ಟಕ್. ಬೇಲೂರು ರಸ್ತೆಯ ಒಂದು ಗುಂಡಿಯಲ್ಲಿ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಅದುಮದಂತೆ ತಡೆಯುವ ಮೆತ್ತೆ) ತನಕ ಹೊಡೆದು, ಬಲಗಡೆ ಶಾಕ್ ಕೂರುವ ಮೇಲಿನ ತಗಡು ಅಣಬೆ ಹಾಗೆ ಉಬ್ಬಿತು. ತಗಡು ತಟ್ಟಿ, ಮೇಲೆ ಗಟ್ಟಿ ಪ್ಲೇಟ್ ಹಾಕಿಸಿ, ಹೊಸ ಮೌಂಟ್ ಕೂರಿಸುವಷ್ಟರಲ್ಲಿ ಹನ್ನೊಂದು ಸಾವಿರ. ಎರಡು ಸಾವಿರದಲ್ಲಿ ಮುಗಿಸಲು ಹೋದವನ ಕಥೆ ಇದು.

ಎರಡನೇ ಜೊತೆ ಜರ್ಮನ್ ಮಾಲು, ಆದರೆ ಬಳಸಿದ್ದು. ನಾಲ್ಕಕ್ಕೆ ಇಪ್ಪತ್ತೆರಡು ಸಾವಿರ. "ಹ್ಯಾಚ್‌ಬ್ಯಾಕಿಂದು, ಇದಕ್ಕೂ ಕೂರುತ್ತೆ" ಅಂದ ಮಾರಿದವನು. ನಿಜ, ಕೂತಿತು. ತೊಂದರೆ ಇದ್ದದ್ದೇ ಅಲ್ಲಿ. ಮುಂದೆ 25 ಮಿ.ಮೀ. ಇಳಿದು ಚೆಂದ ಕಂಡಿತು. ಹಿಂದೆ ಮಾತ್ರ 45ರ ಹತ್ತಿರ ಕುಸಿದು, ಮಳೆಯಲ್ಲಿ ಕೂತ ಎಮ್ಮೆ ಹಾಗೆ ಆಯಿತು. ನಮ್ಮ ಗಾಡಿ ಲೋಹದ ಛಾವಣಿಯ ಹ್ಯಾಚ್‌ಗಿಂತ ಸುಮಾರು ನೂರು ಕೆ.ಜಿ. ಜಾಸ್ತಿ. ಮೇಲೆ ಲೋಹದ ಛಾವಣಿ ಇಲ್ಲದ್ದಕ್ಕೆ ಕೆಳಗೆ ಬಲಕ್ಕೆಂದು ತುಂಬಿದ ಕಬ್ಬಿಣ, ಟಾಪ್, ಅದರ ಮೋಟಾರು, ಇವುಗಳಲ್ಲಿ ಬಹುಪಾಲು ಸೀಟಿನ ಹಿಂದೆಯೇ ಕೂತಿದೆ ಅಲ್ವಾ? ಅಷ್ಟು ಕುಸಿದು ಚಕ್ರ ವಾಲಿದ್ದಕ್ಕೆ ಹಿಂದಿನ ಟೈರುಗಳ ಒಳಅಂಚು ಆರು ಸಾವಿರ ಕಿ.ಮೀ.ಗೆ ತಂತಿ ತೋರಿಸಿತು. ಇನ್ನೊಂದು ಹದಿನೆಂಟು ಸಾವಿರ.

ಆಗ ತೂಕ ನೋಡುವ ಬುದ್ಧಿ ಬಂತು. ಕಾಫಿ ಕ್ಯೂರಿಂಗ್ ಲಾರಿಗಳು ನಿಲ್ಲುವ ವೇಬ್ರಿಡ್ಜ್‌ಗೆ ಹೋದೆ. ಅಲ್ಲಿನವರಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಹಿಂದಿನದು ಮಾತ್ರ ಇಟ್ಟು ಇನ್ನೊಂದು. ಅರ್ಧ ಟ್ಯಾಂಕ್, ನಾನು, ಪಕ್ಕದಲ್ಲಿ ಹೆಂಡತಿ. ಮುಂದೆ 830 ಕೆ.ಜಿ., ಹಿಂದೆ 570 ಇದ್ದ ನೆನಪು. ಟಾಪ್ ಮಡಚಿದರೆ ಹಿಂದೆ ಹತ್ತೋ ಇಪ್ಪತ್ತೋ ಕೆ.ಜಿ. ಏರುತ್ತದೆ. ಹಾಗಾಗಿ ಎತ್ತರ ಅಳೆಯುವುದಾದರೆ ಟಾಪ್ ಬಿಚ್ಚಿ, ಜನ ಕೂರಿಸಿ ಅಳೆಯಿರಿ. ಖಾಲಿ ಗಾಡಿಯ ಲೆಕ್ಕ ಹಿಡಿದು ಸ್ಪ್ರಿಂಗ್ ಕೊಂಡರೆ ನನ್ನ ಗತಿಯೇ.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಮಾವನ ತೋಟದಿಂದ 50 ಕೆ.ಜಿ.ಯ ಪಾರ್ಚ್‌ಮೆಂಟ್ (ಸಿಪ್ಪೆ ಸಮೇತದ ಕಾಫಿ ಬೀಜ) ಚೀಲ ತಂದು ಹಿಂದಿನ ಸೀಟಿನಲ್ಲಿಟ್ಟು, ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದೆ. ಚೀಲಕ್ಕೆ ಹನ್ನೊಂದು, ಹನ್ನೆರಡು ಮಿ.ಮೀ. ಇಳಿಯಿತು. ಎರಡನೇ ಚೀಲಕ್ಕೂ ಅಷ್ಟೇ. ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವ ಜಾತಕ ಗೊತ್ತಾಗಲು ಇಷ್ಟು ಸಾಕಾಯಿತು. ಕಾಫಿ ವಾಸನೆ ಮಾತ್ರ ವಾರಗಟ್ಟಲೆ ಸೀಟಿನಲ್ಲೇ ಇತ್ತು, ಅದೇನು ಕೆಟ್ಟದ್ದಲ್ಲ ಬಿಡಿ.

ಮುಂದಿನ ಚಕ್ರದ ಸ್ಪ್ರಿಂಗುಗಳು ಚೆನ್ನಾಗಿದ್ದವು, ಹಾಗೇ ಇಟ್ಟುಕೊಂಡೆ. ಹಿಂದಿನ ಚಕ್ರದ ಜೋಡಿಯನ್ನು, ಅಂದರೆ ಮೂರನೇ ಜೊತೆಯನ್ನು, ಬೆಂಗಳೂರಿನ ಪೀಣ್ಯದಲ್ಲಿ ಹೊಸದಾಗಿ ಸುತ್ತಿಸಿದೆ. "ಲೋಕಲ್ ಸ್ಪ್ರಿಂಗಾ? ಮುರಿಯುತ್ತೆ" ಅಂತ ಗೆಳೆಯರೆಲ್ಲ ಹೆದರಿಸಿದರು. 12 ಮಿ.ಮೀ. ಇದ್ದ ತಂತಿಯನ್ನು 12.5 ಮಾಡಿಸಿದೆ. ಅರ್ಧ ಮಿಲಿಮೀಟರಿಗೇ ಗಟ್ಟಿತನ ಆರರಲ್ಲೊಂದು ಪಾಲು ಏರುತ್ತದೆ, ದಪ್ಪದ ಮಹಿಮೆ ಅದು. ಹಾಕಿದ ದಿನ ಎತ್ತರ ಬಲು ಚೆಂದ. ಮೂರು ವಾರಕ್ಕೆ ಹತ್ತು ಮಿ.ಮೀ. ಕೂತುಬಿಟ್ಟಿತು. ಒಂಬತ್ತು ಸಾವಿರ ನೀರಿಗೆ.

ಕಾರಣ ಆಮೇಲೆ ತಿಳಿಯಿತು. ಸುತ್ತಿ, ಕಾಯಿಸಿ, ತಣಿಸಿ ಹಾಗೇ ಕೊಟ್ಟಿದ್ದರು. ಸುತ್ತಿಗೆ ಸುತ್ತು ತಾಗುವ ತನಕ ಪ್ರೆಸ್ಸಿನಲ್ಲಿ ಅದುಮಿ ಅದುಮಿ ಬಿಡಬೇಕು, ಕೂರುವುದೆಲ್ಲ ಅಲ್ಲೇ ಕೂತುಬಿಡಬೇಕು. ನಾಲ್ಕನೇ ಜೊತೆಗೆ ನಾನೇ ಪಕ್ಕದಲ್ಲಿ ನಿಂತು ಮೂರು ಸಲ ಅದುಮಿಸಿದೆ. ಶಾಟ್ ಪೀನಿಂಗ್‌ಗೂ (ಸಣ್ಣ ಗುಂಡು ಹೊಡೆದು ಮೇಲ್ಮೈ ಗಟ್ಟಿ ಮಾಡುವುದು) ಬೇರೆ ದುಡ್ಡು ಕೊಟ್ಟೆ. ಎಷ್ಟು ಸುತ್ತು, ಬಿಡಿಯಾಗಿದ್ದಾಗ ಎಷ್ಟು ಉದ್ದ ಅಂತ ಕೇಳಬೇಡಿ. ಅದು ಹದಿನಾಲ್ಕು ತಿಂಗಳ ಸಂಪಾದನೆ.

ಹಾಕಿ ಒಂಬತ್ತು ಸಾವಿರ ಕಿ.ಮೀ. ಆಯಿತು. ಇಬ್ಬರು ಕೂತು ಟಾಪ್ ಬಿಚ್ಚಿದಾಗ ಮುಂದೆ 25, ಹಿಂದೆ 18 ಇಳಿದಿದೆ, ಒಂದು ಮಿ.ಮೀ. ಅಲ್ಲಾಡಿಲ್ಲ. ಬಂಪ್ ಸ್ಟಾಪ್ ಸ್ವಲ್ಪ ಕತ್ತರಿಸಿದ್ದೇನೆ, ಶಾಕ್ ನಾಲ್ಕೂ ಹೊಸದು. ಗಾಳಿ ಹೋದರೂ ಓಡುವ ಗಡಸು ರನ್‌ಫ್ಲಾಟ್ ಟೈರು ತೆಗೆದು ಮಾಮೂಲಿ 195/55 ಆರ್16 ಹಾಕಿದ್ದೇ ಅರ್ಧ ಸುಖ. ಸ್ಟೆಪ್ನಿ ಇಲ್ಲದ ಗಾಡಿ, ಹಾಗಾಗಿ ಪಂಕ್ಚರ್ ಕಿಟ್, ಗಾಳಿ ಪಂಪು ಡಿಕ್ಕಿಯಲ್ಲೇ ಇರುತ್ತವೆ. ಮುಂದಿನ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲುವುದು) ಹೊಂದಿಸಲಾಗದು ಅನ್ನುತ್ತಾರಲ್ಲ, ಶಾಕ್ ಮೌಂಟಿನ ಒಂದು ಸಣ್ಣ ಪಿನ್ ನೋಡಿ. ಅಷ್ಟೇ ಹೇಳುತ್ತೇನೆ.

ಒಂದು ಮಾತು, ಜಾಕ್ ಹಾಕುವಾಗ ಬಾಗಿಲು ಮುಚ್ಚಿರಲಿ, ಟಾಪ್ ಲಾಕ್ ಆಗಿರಲಿ. ಒಂದು ಮೂಲೆ ಎತ್ತಿದರೆ ಇದರ ಬಾಡಿ ತಿರುಚಿಕೊಳ್ಳುತ್ತದೆ. ನಾನು ಬಾಗಿಲು ತೆಗೆದಿಟ್ಟು ಎತ್ತಿಸಿ, ಅದು ಮುಚ್ಚದೆ ಒಂದು ಗಂಟೆ ಒದ್ದಾಡಿದ್ದೇನೆ. ಆರ್‌ಟಿಓ, ಗಾಡಿ ಬದಲಾಯಿಸುವ ಬಗೆಗಿನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಿಷಯ ನಿಮಗೆ ಗೊತ್ತೇ ಇದೆ, ನಿಮ್ಮ ನಿಮ್ಮ ಜವಾಬ್ದಾರಿ.

ಕಳೆದ ಭಾನುವಾರ ಟಾಪ್ ಬಿಚ್ಚಿಕೊಂಡು ಕೈಮರ ದಾಟಿ ಗಿರಿ ಕಡೆ ಹೋಗಿದ್ದೆವು. ಮೊದಲು ಪ್ರತಿ ಹಂಪಿಗೂ ಕಿರ್ ಅನ್ನುತ್ತಿದ್ದ ಮುಂದಿನ ಗಾಜಿನ ಚೌಕಟ್ಟು ಈಗ ಸುಮ್ಮನಿದೆ. ಎಡಗಡೆ ಹಿಂದೆ ಎಲ್ಲೋ ಒಂದು ಕೀರಲು ಸದ್ದು ಮಾತ್ರ ಉಳಿದಿದೆ. ಸ್ಪ್ರಿಂಗಿನದಲ್ಲ, ಕೀಲಿನ ರಬ್ಬರ್ ಬುಷ್ ಇರಬೇಕು. ಮೆಕ್ಯಾನಿಕ್ ಹುಡುಗನಿಗೆ ಬುಧವಾರ ಬರುತ್ತೇನೆ ಅಂದಿದ್ದೇನೆ.